ಟ್ವಿಸ್ಟ್ ಅಂಕಲ್

ಟಿನ್ ಫ್ಯಾಕ್ಟರಿಯಲ್ಲಿ ಯಾರೂ ವಾಸ ಮಾಡುವುದಿಲ್ಲ, ಸಿಕ್ಕಿಹಾಕಿಕೊಳ್ಳುತ್ತಾರೆ. ಹಳೇ ಮದ್ರಾಸ್ ರಸ್ತೆಗೆ ರಿಂಗ್ ರೋಡು ಬಂದು ಬೀಳುವ ಈ ಜಾಗಕ್ಕೆ 2003ರಲ್ಲಿ ಹ್ಯಾಂಗಿಂಗ್ ಬ್ರಿಡ್ಜ್ ಬಂತು, 2023ರ ಅಕ್ಟೋಬರ್‌ನಲ್ಲಿ ಬೈಯಪ್ಪನಹಳ್ಳಿಯಿಂದ ಕೆ.ಆರ್. ಪುರದ ಕಡೆಗೆ ಮೆಟ್ರೋ ಬಂತು. ಜಾಮ್ ಮಾತ್ರ ಇದ್ದಲ್ಲೇ ಇದೆ. ಈ ಜಾಮಿನಿಂದ ಊರಿಗೆ ಎಷ್ಟು ಪೆಟ್ರೋಲು ದಂಡ, ಎಷ್ಟು ಗಂಟೆ ದಂಡ ಎಂದು ಲೆಕ್ಕ ಹಾಕುವವರಿದ್ದಾರೆ. ಅದರಿಂದ ನಮ್ಮ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಅಡಿಗೆಮನೆಗೆ ಏನಾಯಿತೆಂಬ ಲೆಕ್ಕ ಯಾರೂ ಹಾಕಿಲ್ಲ.

ಅಲ್ಲಿರುವವರು ಟ್ವಿಸ್ಟ್ ಅಂಕಲ್. ಹೆಸರಿಟ್ಟವರು ಕೆಳಗೆ ಕ್ರಿಕೆಟ್ ಆಡುವ ಮಕ್ಕಳು. ವಯಸ್ಸು ನಲವತ್ತೈದರ ಆಸುಪಾಸು, ಮಹದೇವಪುರದ ಕಡೆ ಒಂದು ಕಂಪನಿಯಲ್ಲಿ ಮ್ಯಾನೇಜರು. ಸಂಜೆ ಕಾರು ಟಿನ್ ಫ್ಯಾಕ್ಟರಿಯ ಹತ್ತಿರ ಬಂದು ನಿಲ್ಲುತ್ತದೆ. ಕಿಟಕಿಯಾಚೆ ಕಂಡಕ್ಟರು ಬಾಗಿಲಿಗೆ ನೇತುಬಿದ್ದು "ಕೋಲಾರ ಕೋಲಾರ ಕೋಲಾರ" ಎಂದು ಕೂಗುತ್ತಿರುತ್ತಾನೆ, ಬಸ್ಸಿಗೆ ಕಾಯುವವರು ಕೈಯಲ್ಲಿ ಕಡಲೆಕಾಯಿ ಪೊಟ್ಟಣ ಹಿಡಿದಿರುತ್ತಾರೆ, ಪಕ್ಕದಲ್ಲಿ ಮೊಮೊದ ಹಬೆ ಏಳುತ್ತಿರುತ್ತದೆ. ಇವರ ಹೊಟ್ಟೆ ಖಾಲಿ, ತಲೆ ಅದಕ್ಕಿಂತ ಖಾಲಿ, ಸ್ಟ್ಯಾಂಡಿನಲ್ಲಿ ಸಿಕ್ಕಿಸಿದ ಫೋನಿನಲ್ಲಿ ಯಾರೋ ಯಾವುದಕ್ಕೋ ಚೀಸು ತುರಿಯುತ್ತಿರುತ್ತಾರೆ. ಐಡಿಯಾ ಹುಟ್ಟುವುದು ಆಗಲೇ. ಒಂದು ಜಾಮಿಗೆ ಒಂದು ತಿಂಡಿ. ಮಳೆ ಬಿದ್ದು ರಸ್ತೆಯಲ್ಲಿ ನೀರು ನಿಂತ ದಿನ ಊಟವೇ ತಯಾರು.

ಶನಿವಾರ ಬೆಳಿಗ್ಗೆ ಬರ್ಮುಡಾದ ಮೇಲೆ ಏಪ್ರನ್ ಕಟ್ಟಿ ಅಂಕಲ್ ಅಡಿಗೆಮನೆಗೆ ಇಳಿಯುತ್ತಾರೆ. ಸ್ವಂತ ಮನೆ, ಕಟ್ಟಿದಾಗಿನಿಂದ ಇರುವ ಮನೆ. ಆದರೂ "ಲೇ, ಸಾಸಿವೆ ಎಲ್ಲಿಟ್ಟಿದೀಯ?" ಎಂಬ ಕೂಗು ಎರಡನೇ ಮಹಡಿಯ ನಮಗೆ ಕೇಳುತ್ತದೆ. ಸಾಸಿವೆ, ಉಪ್ಪು, ಇಕ್ಕಳ ಇವು ಎಲ್ಲಿವೆಯೆಂದು ಅವರಿಗೆ ಗೊತ್ತಿಲ್ಲ. ಪಿಜ್ಜಾ ಜತೆ ಪುಕ್ಕಟೆ ಬಂದ ಒರೆಗಾನೊ ಪೊಟ್ಟಣಗಳನ್ನು ಯಾವ ಡ್ರಾಯರಿನಲ್ಲಿ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಾರೆ ಎಂಬುದು ಮಾತ್ರ ಕಣ್ಣು ಕಟ್ಟಿದರೂ ಗೊತ್ತು. ಅವರ ಮನೆಯ ಪಾತ್ರೆ ತೊಳೆಯುವ ಅಕ್ಕ ಶುಕ್ರವಾರವೇ ವಿಚಾರಿಸಿಕೊಳ್ಳುತ್ತಾಳೆ: "ಅಕ್ಕಾ, ನಾಳೆ ಅಡ್ಗೆ ನಿಮ್ದಾ, ಅಣ್ಣಂದಾ?" ಅಣ್ಣನದೆಂದರೆ ಅವಳಿಗೆ ಊರಿನಲ್ಲಿ ಯಾರಿಗೋ ಹುಷಾರಿಲ್ಲ.

ಯಾವ ತಿಂಡಿಯನ್ನೂ ಅದರ ಪಾಡಿಗೆ ಬಿಡುವವರಲ್ಲ ಇವರು. ಖಾರಾಬಾತು, ಕೇಸರಿಬಾತು ಪದರ ಪದರವಾಗಿ ಒತ್ತಿ ಚೌಚೌ ಬಾತ್ ಕೇಕ್ ಮಾಡಿದರು. ನೀರ್ ದೋಸೆಯಲ್ಲಿ ನೂಡಲ್ಸ್ ಸುತ್ತಿದರು. ಮಾಡಿದ್ದರಲ್ಲಿ ಒಂದು ಪಾಲು ಡಬ್ಬಿಯಲ್ಲಿ ನಮ್ಮ ಮನೆಗೂ ಇಳಿಯುತ್ತದೆ. ಡಬ್ಬಿಯನ್ನು ಖಾಲಿ ವಾಪಸು ಕೊಡುವ ಹಾಗಿಲ್ಲವಲ್ಲ, ನನ್ನ ಹೆಂಡತಿ ಅದರಲ್ಲಿ ಚಿತ್ರಾನ್ನವನ್ನೋ ಕೋಡುಬಳೆಯನ್ನೋ ಹಾಕಿ ಕಳಿಸುತ್ತಾಳೆ. ಅಂಕಲ್ ಮನೆಯ ಮಕ್ಕಳು ಶನಿವಾರದ ಮಧ್ಯಾಹ್ನ ಡಬ್ಬಿಗೆ ಕಾಯುತ್ತಾ ನಮ್ಮ ಮೆಟ್ಟಿಲ ಮೇಲೆ ಕೂತಿರುವುದನ್ನು ನಾನು ನೋಡಿದ್ದೇನೆ.

ಇವರನ್ನು ವಾದದಲ್ಲಿ ಗೆಲ್ಲಲಾಗದು. ಓದಿಕೊಂಡಿದ್ದಾರೆ.

"ರವೆ ಇಡ್ಲಿ ಏನು ಸಾರ್? ಟ್ವಿಸ್ಟೇ ತಾನೆ? 1924ರಲ್ಲಿ ಶುರುವಾದ ಹೋಟ್ಲು ಎಂ.ಟಿ.ಆರ್., ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗಲಿಲ್ಲ, ರವೆ ಹಾಕಿ ನೋಡಿದ್ರು. ಇವತ್ತು ಅದನ್ನೇ ಸಂಪ್ರದಾಯ ಅಂತ ತಿಂತೀರ. ಮಂಚೂರಿ? 1975ರಲ್ಲಿ ಮುಂಬಯಿಯಲ್ಲಿ ನೆಲ್ಸನ್ ವಾಂಗ್ ಅನ್ನೋರು ಕೋಳೀಲಿ ಮಾಡಿದ್ದು. ನಮ್ಮೋರು ಕೋಳಿ ತೆಗೆದು ಗೋಬಿ ಹಾಕಿದ್ರು. ಅದು ಎಷ್ಟು ನಮ್ಮದಾಗಿದೆ ಅಂದ್ರೆ 2024ರಲ್ಲಿ ಅದಕ್ಕೆ ಹಾಕೋ ಕೃತಕ ಬಣ್ಣ ನಿಷೇಧ ಮಾಡೋಕೆ ನಮ್ಮ ಆರೋಗ್ಯ ಮಂತ್ರಿಗಳೇ ಕೂತ್ಕೋಬೇಕಾಯ್ತು. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಎಲ್ಲ ಅಮೆರಿಕದ ಕಡೆಯಿಂದ ಹಡಗು ಹತ್ತಿ ಬಂದದ್ದು. ರಾಗೀನೇ ಮೂಲದಲ್ಲಿ ಆಫ್ರಿಕದ್ದು ಸಾರ್! ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿ ಮಾಡಿದ್ದು ಹೇಗೆ? ನಮ್ಮ ರಾಗಿಗೆ ಆಫ್ರಿಕದ ರಾಗಿ ಕೂಡಿಸಿ. ಅವರು ಮಾಡಿದ್ರೆ ಸಂಶೋಧನೆ, ನಾನು ಮಾಡಿದ್ರೆ ನಗು!"

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ, ಅದೇ ಕಷ್ಟ. ಉತ್ತರ ಕೊಡಬಲ್ಲವರು ಒಬ್ಬರೇ, ಒಳಗಿನಿಂದ.

"ರೀ, ಅವ್ರಿಗೆ ಯುದ್ಧ ಇತ್ತು, ಅಕ್ಕಿ ಇರ್ಲಿಲ್ಲ. ನಿಮ್ಗೇನಿತ್ತು? ಡಬ್ಬಿ ತುಂಬಾ ಅಕ್ಕಿ ಇದೆ."

"ಈಗೆಲ್ಲಿದೆ ಯುದ್ಧ?"

"ತಡೀರಿ, ಶುರುವಾಗತ್ತೆ."

ಆ ಹೆಂಗಸು ಮಾಡುವುದನ್ನು ನಾನು ಸ್ವಲ್ಪ ಗಮನಿಸಿದ್ದೇನೆ. ಮಿಕ್ಕ ಇಡ್ಲಿ ಪುಡಿಮಾಡಿ ಈರುಳ್ಳಿ ಒಗ್ಗರಣೆ ಕೊಟ್ಟರೆ ಸೋಮವಾರದ ಉಪ್ಪಿಟ್ಟು. ರಾತ್ರಿಯ ಚಪಾತಿಯನ್ನು ಕತ್ತರಿಯಲ್ಲಿ ಸಣ್ಣಗೆ ಕತ್ತರಿಸಿ ಬಾಣಲೆಗೆ ಹಾಕಿ ನಿಂಬೆಹಣ್ಣು ಹಿಂಡಿದರೆ ಮಂಗಳವಾರದ ಡಬ್ಬಿ. ಉಳಿದ ಉಪ್ಪಿಟ್ಟಿಗೆ ಅಕ್ಕಿಹಿಟ್ಟು ಕಲಸಿ ತಟ್ಟಿ ಕರಿದರೆ ಸಂಜೆ ವಡೆ. ತಂಗಳು ಮುದ್ದೆ ಮಜ್ಜಿಗೆಯಲ್ಲಿ ಕಿವುಚಿ, ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿದರೆ ಬೇಸಗೆಯ ಬೆಳಗಿಗೆ ಅಂಬಲಿ. ಇವಕ್ಕೊಂದು ಹೆಸರಿಲ್ಲ, ಫೋಟೋ ಇಲ್ಲ, ಕೇಳಿದರೆ "ಏನೂ ಮಾಡಿಲ್ಲ ಇವತ್ತು, ಮಿಕ್ಕಿದ್ದೇ" ಎನ್ನುತ್ತಾರೆ. ಅಂಕಲ್ ಅದನ್ನು ಎರಡು ಸಲ ಹಾಕಿಸಿಕೊಂಡು ತಿಂದು, ಆಮೇಲೆ ಫೋನು ತೆಗೆದು ಮುಂದಿನ ಶನಿವಾರಕ್ಕೆ ಐಡಿಯಾ ಹುಡುಕುತ್ತಾರೆ.

ಹೋದ ರಾಜ್ಯೋತ್ಸವಕ್ಕೆ ಮನೆಗೊಂದು ಅಡಿಗೆ ತರಬೇಕೆಂದು ಅಸೋಸಿಯೇಷನ್ನು ತೀರ್ಮಾನಿಸಿತು. ಅಂಕಲ್ ಬಿಸಿಬೇಳೆ ರಿಸೊಟ್ಟೊ ತಂದರು. ಇಟಲಿಯ ರಿಸೊಟ್ಟೊ ಅಂದರೆ ಗಿಡ್ಡ ಅಕ್ಕಿಯನ್ನು ಸ್ವಲ್ಪ ಸ್ವಲ್ಪವೇ ಬಿಸಿ ಸಾರು ಹುಯ್ಯುತ್ತಾ ಕೈಬಿಡದೆ ತಿರುವಿ ಮಾಡುವ ಮುದ್ದೆಯಂಥ ಅನ್ನ, ಕೊನೆಗೆ ಬೆಣ್ಣೆ, ಚೀಸು. ಬಿಸಿಬೇಳೆ ಬಾತಿಗೂ ಅದಕ್ಕೂ ದೂರದ ನೆಂಟಸ್ತನ ಕಟ್ಟಬಹುದು, ಇಲ್ಲವೆನ್ನಲಾರೆ. ಆದರೆ ಇವರು ಮರಾಠಿ ಮೊಗ್ಗು, ಕೊಬ್ಬರಿ, ತೊಗರಿಬೇಳೆ ಎಲ್ಲ ಕ್ರಮವಾಗಿ ಹಾಕಿ, ಹುಣಸೆಹಣ್ಣಿನ ರಸವನ್ನೂ ಧಾರಾಳವಾಗಿ ಹುಯ್ದು, ಕಟ್ಟಕಡೆಗೆ ಅದರ ಮೇಲೆ ಅರ್ಧ ಲೀಟರು ಹಾಲು, ಕ್ರೀಮು ಸುರಿದಿದ್ದರು. ಹುಳಿಯ ಮುಂದೆ ಹಾಲು ಏನು ಮಾಡುತ್ತದೆಂದು ಕಾಫಿಗೆ ಹಾಲು ಕಾಯಿಸಿದ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಬಾತಿನ ತುಂಬ ಬಿಳೀ ಬಿಳೀ ಗಂಟು. "ಪನ್ನೀರು ತಾನಾಗೇ ಆಗಿದೆ ಸಾರ್, ಅದೇ ಟ್ವಿಸ್ಟು" ಎಂದರು ಅಂಕಲ್. ಅವರ ಆ ಸ್ಥೈರ್ಯವನ್ನು ಮೆಚ್ಚಬೇಕು.

ನಮ್ಮಲ್ಲಿ ಒಬ್ಬರು ಹಿರಿಯರಿದ್ದಾರೆ, ದೂರವಾಣಿನಗರದ ಐ.ಟಿ.ಐ.ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. 1948ರಲ್ಲಿ ಶುರುವಾದ ಆ ಕಾರ್ಖಾನೆಯ ಫೋನು ಒಂದು ಕಾಲಕ್ಕೆ ದೇಶದ ತುಂಬ ಮೇಜಿನ ಮೇಲೆ ಕೂತಿತ್ತು. ಒಂದು ಕಪ್ಪು ಫೋನು ಇವರ ಮನೆಯ ಟೀವಿ ಪಕ್ಕದಲ್ಲಿ ಈಗಲೂ ಇದೆ. ಅವರು ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ದೂರದ ಕರೆ ಕೇಳುವವರ ಹಾಗೆ ತಲೆ ವಾರೆ ಮಾಡಿ ಹೇಳಿದರು: "ಕ್ರಾಸ್ ಕನೆಕ್ಷನ್ ಕಣಯ್ಯಾ. ಎರಡೂ ಕಡೆಯವರು ಮಾತಾಡ್ತಿದಾರೆ, ಒಬ್ರದೂ ಕೇಳಿಸ್ತಿಲ್ಲ."

ಡಿಸೆಂಬರಿನಲ್ಲಿ ಅಂಕಲ್ ತಾಯಿ ಕೋಲಾರದಿಂದ ಬಂದರು. ಕೆಂಪು ಬಸ್ಸಿನಲ್ಲಿ ಬಂದು ಟಿನ್ ಫ್ಯಾಕ್ಟರಿಯಲ್ಲಿ ಇಳಿದು, ಕಂಕುಳಲ್ಲಿ ಸೊಪ್ಪಿನ ಕಟ್ಟು, ಕೈಯಲ್ಲಿ ಸೊಗಡಿನ ಅವರೆಕಾಯಿ ಚೀಲ. ಬಂದ ಸಂಜೆಯೇ ಕಾಳು ಬಿಡಿಸಿ ನೆನೆಹಾಕಿ, ಮಾರನೆಯ ದಿನ ಧಾರಾವಾಹಿ ನೋಡುತ್ತಾ ಒಂದೊಂದೇ ಕಾಳು ಹಿತಕಿದರು. ಹಿತಕಿದ ಬೇಳೆ ಅಷ್ಟೊಂದು ಬೋಗುಣಿಯಲ್ಲಿ ಕಂಡದ್ದೇ ತಡ, ಅಂಕಲ್ ಬೇಯಿಸಿ, ಬೆಳ್ಳುಳ್ಳಿ, ಎಳ್ಳು, ನಿಂಬೆರಸ ಹಾಕಿ ಮಿಕ್ಸಿ ತಿರುಗಿಸಿ "ಅವರೆಬೇಳೆ ಹಮ್ಮಸ್" ಮಾಡಿದರು.

ಆ ತಾಯಿ ಬೆರಳ ತುದಿಯಲ್ಲಿ ಮುಟ್ಟಿ ನೋಡಿದರು. "ರುಬ್ಬೋದಾಗಿದ್ರೆ ಒಂದೊಂದೇ ಹಿತಕಿ ಸಿಪ್ಪೆ ಯಾಕಪ್ಪಾ ತೆಗ್ದೆ ನಾನು?"

ನ್ಯಾಯವಾಗಿ ಹೇಳಬೇಕೆಂದರೆ ಅದು ಚೆನ್ನಾಗಿತ್ತು. ಅಕ್ಕಿರೊಟ್ಟಿಯ ಜತೆ ನಾವು ಡಬ್ಬಿ ಬಳಿದು ತಿಂದೆವು. ಎಳ್ಳೂ ಅವರೆಯ ಸೊಗಡೂ ಹೊಂದುತ್ತವೆ, ನೀವೂ ಮಾಡಿ ನೋಡಬಹುದು. ಆ ಮೆಚ್ಚುಗೆಯೇ ಮುಂದಿನದಕ್ಕೆ ಕಾರಣ ಎಂದು ನನ್ನ ಹೆಂಡತಿಯ ಆರೋಪ.

ನಾನು ಡಬ್ಬಿ ಕೊಡಲು ಹೋದಾಗ ಭಾನುವಾರ ಮಧ್ಯಾಹ್ನ. ತಾಯಿ ಮಸ್ಸೊಪ್ಪು ಮಾಡಿಟ್ಟಿದ್ದರು, ಮುದ್ದೆ ಮಾತ್ರ ಬಾಕಿ. "ನೀನು ಕೂತ್ಕೊಳಮ್ಮಾ, ನಾನು ಮಾಡ್ತೀನಿ" ಎಂದು ಅಂಕಲ್ ವಹಿಸಿಕೊಂಡಿದ್ದರು. ಎಸರು ಕುದಿಸಿ, ಹಿಟ್ಟು ಹಾಕಿ, ಬೆಂದ ಮೇಲೆ ಕೋಲಿನಲ್ಲಿ ತಿರುವುವ ತನಕ ಎಲ್ಲ ಸರಿಯಾಗಿತ್ತು. ಆಮೇಲೆ ಅದನ್ನು ಗೋಲಿಯಷ್ಟು ಗೋಲಿಯಷ್ಟು ಚಿವುಟಿ, ಒಂದೊಂದಕ್ಕೂ ಫೋರ್ಕಿನಿಂದ ಗೀರು ಎಳೆದು ತಟ್ಟೆಯಲ್ಲಿ ಜೋಡಿಸಿದ್ದರು. ರಾಗಿ ನ್ಯೋಕಿಯಂತೆ. ಇಟಲಿಯಲ್ಲಿ ಆಲೂಗಡ್ಡೆ, ಮೈದಾ ಕಲಸಿ ಮಾಡುತ್ತಾರಂತೆ. ಮೈದಾಕ್ಕಿರುವ ಅಂಟು ರಾಗಿಗಿಲ್ಲ. ಬೆಣ್ಣೆ ಹಾಕಿದ ಬಾಣಲೆಗೆ ಬಿಟ್ಟ ಮೊದಲ ಕಂತು ಕರಗಿ ತಳ ಹಿಡಿದಿತ್ತು. ಎರಡನೇ ಕಂತು ತಟ್ಟೆಯಲ್ಲಿ ಸರದಿ ಕಾಯುತ್ತಿತ್ತು. ಫೋನು ಸಕ್ಕರೆ ಡಬ್ಬಿಗೆ ಒರಗಿ ವಿಡಿಯೋ ತೆಗೆಯುತ್ತಿತ್ತು.

"ಯಾಕಪ್ಪಾ ಇಷ್ಟಿಷ್ಟೇ ಮಾಡಿದೀಯ? ಹಿಟ್ಟು ಸಾಲ್ದೆ ಹೋಯ್ತಾ?"

"ಹಾಗಲ್ಲಮ್ಮಾ. ಇದು ಬೈಟ್ ಸೈಜು."

"ಈ ಗೀರು?"

"ಸಾಸ್ ಹಿಡ್ಕೊಳ್ಳೋಕೆ."

"ಅಗಿಯೋಕೇನೋ ಇದು? ನುಂಗೋದಕ್ಕೆ ಗೀರು ಎಳೀತಾರಾ ಯಾರಾದ್ರೂ?"

ಮುಂದೆ ಮಾತಿಲ್ಲ. ಆಕೆ ನಲ್ಲಿಯಲ್ಲಿ ಕೈ ಒದ್ದೆ ಮಾಡಿಕೊಂಡು, ತಟ್ಟೆಯಲ್ಲಿದ್ದ ಅಷ್ಟೂ ಗೋಲಿಗಳನ್ನು ಬಾಚಿ ಒಂದಕ್ಕೊಂದು ಅದುಮಿ, ಅಂಗೈಯಲ್ಲಿ ನಾಲ್ಕು ಸುತ್ತು ತಿರುಗಿಸಿ, ನುಣ್ಣಗೆ ಹೊಳೆಯುವ ಒಂದೇ ಮುದ್ದೆ ಮಾಡಿ ಮಗನ ತಟ್ಟೆಗೆ ಧಪ್ಪನೆ ಹಾಕಿದರು. ಮೇಲೊಂದು ಸೌಟು ಮಸ್ಸೊಪ್ಪು, ಒಂದು ಚಮಚ ತುಪ್ಪ. ಅಂಕಲ್ ಬೆರಗಾಗಿ ನಿಂತರು. ನಾಚಿಕೆಯೋ ಪಶ್ಚಾತ್ತಾಪವೋ ಎಂದು ನಾನು ತಪ್ಪು ತಿಳಿದೆ. ಅವರು ಫೋನು ತೆಗೆದುಕೊಂಡು, ಇನ್ನೂ ಊಟಕ್ಕೆ ಕೂರುವ ಮೊದಲೇ, ಅಪಾರ್ಟ್‌ಮೆಂಟಿನ ಗ್ರೂಪಿಗೆ ವಿಡಿಯೋ ಹಾಕಿಬಿಟ್ಟರು: "ರೀಕನ್‌ಸ್ಟ್ರಕ್ಟೆಡ್ ಮುದ್ದೆ. ಅಮ್ಮನ ಟ್ವಿಸ್ಟ್."

ತಟ್ಟೆಯಲ್ಲಿ ತುಪ್ಪ ಕರಗುವುದರೊಳಗೆ ಹೆಬ್ಬೆಟ್ಟುಗಳ ಸುರಿಮಳೆ. ಐದನೇ ಮಹಡಿಯವರು ರೆಸಿಪಿ ಕೇಳಿದರು.

"ಅಮ್ಮಾ, ಎಲ್ರೂ ಕೇಳ್ತಿದಾರೆ. ಸ್ಟೆಪ್ ಸ್ಟೆಪ್ ಆಗಿ ಹೇಳು, ಟೈಪ್ ಮಾಡ್ತೀನಿ."

ಆಕೆ ಒಲೆಯ ಮೇಲಿದ್ದ ಕರಕಲು ಬಾಣಲೆಯ ಕಡೆ ನೋಡಿದರು. "ಬರ್ಕೊ. ಮೊದಲ್ನೇದು, ಆ ಬಾಣಲೆ ಉಜ್ಜು."

ಅಂಕಲ್ ಆಗಲೇ ಟೈಪ್ ಮಾಡಿ ಕಳಿಸಿಯೂಬಿಟ್ಟಿದ್ದರು.