ಉಳಿದ ಅರ್ಧ ಅಲೆ ಎಲ್ಲಿ?

ಲಾಭದ ಉದ್ದೇಶವಿಲ್ಲದೆ, ಪ್ರಯೋಗ ಮತ್ತು ಸ್ವಯಂಕಲಿಕೆಗಾಗಿ ರೇಡಿಯೊ ತರಂಗಗಳ ಮೂಲಕ ಸಂಪರ್ಕ ಸಾಧಿಸುವವರನ್ನು ‘ಹ್ಯಾಮ್’ಗಳೆಂದು ಕರೆಯುವುದು ವಾಡಿಕೆ. ಅಂಥ ಹಿರಿಯರೊಬ್ಬರು, 1885ರ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿತೆಂದು ತಿಳಿದು, ತಮ್ಮ ಪರವಾನಗಿಯ ಗತಿಯೇನೆಂದು ವಿಚಾರಿಸಲು ಕಲ್ಪನೆಯ ಕಚೇರಿಯೊಂದಕ್ಕೆ ಹೋದಾಗ ನಡೆದ ಸಂವಾದವಿದು.

“ಒಂದು ಸಂದೇಶಕ್ಕೆ ಎಷ್ಟು ಶುಲ್ಕ ಪಡೆಯುತ್ತೀರಿ?”

“ಏನೂ ಇಲ್ಲ ಸಾರ್. ಪಡೆದರೆ ಅದೇ ನಿಯಮಭಂಗ.”

“ಲಾಭವಿಲ್ಲದ ಕೆಲಸಕ್ಕೆ ಹೊಸ ನಮೂನೆಯಲ್ಲಿ ಕಾಲಂ ಇಲ್ಲವಲ್ಲ! ಇರಲಿ, ಟವರ್ ಎಲ್ಲಿದೆ?”

“ಟವರ್ ಇಲ್ಲ, ಎರಡು ತೆಂಗಿನ ಮರಗಳ ನಡುವೆ 20 ಮೀಟರ್ ತಾಮ್ರದ ತಂತಿಯಿದೆ. 40 ಮೀಟರ್ ತರಂಗಾಂತರದ, ಎಂದರೆ ಒಂದು ಅಲೆಯ ಪೂರ್ಣ ಉದ್ದದ, ಅರ್ಧ ಭಾಗವದು.”

“ಉಳಿದ ಅರ್ಧವನ್ನು ಎಲ್ಲಿ ಬಚ್ಚಿಟ್ಟಿದ್ದೀರಿ?”

ಹಿರಿಯರು ನಿರುತ್ತರರಾದರು, ಭೌತವಿಜ್ಞಾನಕ್ಕೆ ಮೇಲ್ಮನವಿ ಪ್ರಾಧಿಕಾರವಿಲ್ಲ. ಸಾವರಿಸಿಕೊಂಡು ತಾವೇ ಪ್ರಶ್ನಿಸತೊಡಗಿದರು:

“1978ರ ಹವ್ಯಾಸಿ ಸೇವಾ ನಿಯಮಗಳು ಈಗಲೂ ಅನ್ವಯಿಸುತ್ತವೆಯೇ?”

“ಹೊಸ ಕಾಯ್ದೆಗೆ ವಿರುದ್ಧವಾಗಿರದಿದ್ದರೆ, ಹೊಸ ನಿಯಮಗಳು ಬರುವವರೆಗೆ ಹಳೆಯವೇ ಜೀವಂತ.”

“ಯಾವುದು ವಿರುದ್ಧ, ಯಾವುದಲ್ಲ ಎಂದು ತಿಳಿಯುವುದು ಹೇಗೆ?”

“ತಪ್ಪು ಮಾಡಿ ನೋಡಿ, ತಿಳಿಯುತ್ತದೆ.”

“ಮೋರ್ಸ್ ಸಂಕೇತ, ಅದೇ ಚುಕ್ಕಿ-ಗೆರೆಗಳ ಭಾಷೆ, ಪರವಾನಗಿಗೆ ಕಡ್ಡಾಯವೆಂಬ ಅಂತರರಾಷ್ಟ್ರೀಯ ಷರತ್ತು 2003ರಲ್ಲೇ ಸಡಿಲವಾಯಿತಲ್ಲ?”

“ಅಲೆಗಳು ಬೇಗ ಬರುತ್ತವೆ, ಕಡತಗಳು ನಡೆದು ಬರುತ್ತವೆ.”

ಬದಲಾವಣೆಯೇ ಬೇಡವೆನ್ನುವುದು ಹ್ಯಾಮ್‌ಗಳ ವಾದವಲ್ಲ. ಕಂಪನಿಗಳನ್ನು ಅಳೆಯುವ ಗಜದಿಂದ ಹವ್ಯಾಸವನ್ನು ಅಳೆಯಬಾರದೆಂಬುದಷ್ಟೇ ಅವರ ಕೋರಿಕೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಂಡಮಾನಿನ ದೂರವಾಣಿಗಳು ಮೂಕವಾದಾಗ, ಪೋರ್ಟ್ ಬ್ಲೇರ್‌ನಿಂದ ಸುದ್ದಿ ದಾಟಿಸಿದವರಲ್ಲಿ ಹ್ಯಾಮ್‌ಗಳೂ ಇದ್ದರು. ಅದಕ್ಕೆ ಅವರು ಶುಲ್ಕ ಪಡೆದಿರಲಿಲ್ಲ.