ಮ್ಯೂನಿಕ್‌ಗೆ ಹೊರಟವರಿಗೊಂದು ಕಿವಿಮಾತು

ಮ್ಯೂನಿಕ್‌ಗೆ ಸಂಸಾರ ಸಮೇತ ಹೊರಟಿದ್ದೀರಾ? ಬಾಡಿಗೆ ಮನೆ ನೋಡುವಾಗ ಮೊದಲು ಅಡುಗೆಮನೆಗೆ ಹೋಗಿ. ಗೋಡೆಯಿಂದ ಎರಡು ಪೈಪು ಮಾತ್ರ ಇಣುಕುತ್ತಿದ್ದರೆ ಗಾಬರಿಯಾಗಬೇಡಿ, ಕಳ್ಳತನವಾಗಿಲ್ಲ. ಹಿಂದಿನ ಬಾಡಿಗೆದಾರ ಸಿಂಕು, ಒಲೆ, ಕಪಾಟು ಎಲ್ಲ ಬಿಚ್ಚಿಕೊಂಡು ಹೋಗಿದ್ದಾನೆ, ಅಷ್ಟೆ. ಜರ್ಮನಿಯಲ್ಲಿ ಅದು ಮಾಮೂಲು. ಬಿಟ್ಟುಹೋಗುವ ಪುಣ್ಯಾತ್ಮನಿದ್ದರೆ ಅದಕ್ಕೆ ಬೇರೆ ದುಡ್ಡು ಕೇಳುತ್ತಾನೆ. ನಮ್ಮ ಕಡೆ ಬಲ್ಬು ಬಿಚ್ಚಿಕೊಂಡು ಹೋದವನನ್ನೇ ಜಿಪುಣ ಅಂತೀವಿ!

ಮನೆ ಸೇರಿದ 2 ವಾರದೊಳಗೆ ವಿಳಾಸ ನೋಂದಾಯಿಸಿಬಿಡಿ. ಆ ಕಾಗದವಿಲ್ಲದೆ ಮುಂದಿನ ಕೆಲಸಗಳು ಕದಲುವುದಿಲ್ಲ.

ಇನ್ನು ಭಾನುವಾರ. ಅಂಗಡಿಗಳೆಲ್ಲ ಬಂದ್. ಈರುಳ್ಳಿ ಮರೆತಿದ್ದರೆ ಮುಖ್ಯ ರೈಲು ನಿಲ್ದಾಣದ ಅಂಗಡಿಗೇ ಓಡಬೇಕು. ಅವತ್ತು ಗೋಡೆ ಕೊರೆಯುವಂತಿಲ್ಲ. ಬೀದಿಯ ತೊಟ್ಟಿಗೆ ಗಾಜಿನ ಬಾಟಲಿ ಹಾಕುವುದೂ ತಪ್ಪು, ಸದ್ದಾಗುತ್ತದಲ್ಲ! ಮಿಕ್ಸಿಯ ವಿಷಯದಲ್ಲಂತೂ ಕೆಳಗಿನ ಮನೆ ಅಜ್ಜಿಯ ಮಾತೇ ಕಾನೂನು. ದೋಸೆಹಿಟ್ಟು ಶನಿವಾರವೇ ರುಬ್ಬಿಡಿ. ಪುಣ್ಯಕ್ಕೆ, ಹುದುಗುವಾಗ ಅದು ಸದ್ದು ಮಾಡುವುದಿಲ್ಲ.

ಖಾಲಿ ನೀರಿನ ಬಾಟಲಿ ಬಿಸಾಡಬೇಡಿ. ಸೂಪರ್‌ಮಾರ್ಕೆಟ್ಟಿನ ಯಂತ್ರಕ್ಕೆ ತುರುಕಿದರೆ ಒಂದಕ್ಕೆ 25 ಸೆಂಟ್ ವಾಪಸ್. ಆದರೆ ಜಾಗ ಉಳಿಸೋಣವೆಂದು ಜಜ್ಜಿ ಒಯ್ದಿರೋ, ಯಂತ್ರ ಎಲ್ಲರೆದುರೇ ಉಗಿಯುತ್ತದೆ.