ಬುಕ್ಕನ ಬಾಣಂತನ

ಹಳೇಬೀಡು ನೋಡಲು ಬಂದವರಲ್ಲಿ ತಿಳಿದವರು ಕೆಲವರು ನಮ್ಮ ಹುಲಿಕೆರೆಗೂ ಬರುತ್ತಾರೆ. ಹೊಯ್ಸಳರ ಕಲ್ಯಾಣಿಯ ಮೆಟ್ಟಿಲಿಳಿದು, ಸುತ್ತಲಿನ ಪುಟ್ಟ ಗುಡಿಗಳ ಮುಂದೆ ಫೋಟೋ ಹೊಡೆಸಿಕೊಂಡು ಹೋಗುತ್ತಾರೆ. ಕಳೆದ ಮಾಗಿಯಲ್ಲಿ ಮಾತ್ರ ಊರವರಿಗೆ ಕಲ್ಯಾಣಿಗಿಂತ ನಮ್ಮ ಜಗುಲಿಯೇ ದೊಡ್ಡ ಪ್ರೇಕ್ಷಣೀಯ ಸ್ಥಳವಾಗಿತ್ತು. ಕಾರಣ, ನಮ್ಮ ಬುಕ್ಕ ಬಸುರಾಗಿದ್ದ.

ಮಗಳ ಹಟಕ್ಕೆ ಸಂತೆಯಿಂದ ಎರಡು ಮೊಲದ ಮರಿ ತಂದಾಗ ಮಾರುವವನು "ಎರಡೂ ಗಂಡೇ ಸಾರ್, ತಲೆನೋವಿಲ್ಲ" ಅಂದಿದ್ದ. ಗಂಡಾದ ಮೇಲೆ ಗಂಡಸರ ಹೆಸರೇ ಇಡಬೇಕಲ್ಲ. ಹಕ್ಕ, ಬುಕ್ಕ ಅಂತ ಇಟ್ಟೆವು. ಮೊಲವೊಂದು ಬೇಟೆನಾಯಿಗಳನ್ನೇ ತಿರುಗಿ ಅಟ್ಟಿಸಿಕೊಂಡು ಹೋದದ್ದನ್ನು ಕಂಡು, ಗಂಡುಭೂಮಿ ಎಂದರೆ ಇದೇ ಎಂದು ಆ ಅಣ್ಣತಮ್ಮಂದಿರು ತುಂಗಭದ್ರೆಯ ದಡದಲ್ಲಿ ವಿಜಯನಗರ ಕಟ್ಟಿದ ಕಥೆ ಯಾರಿಗೆ ಗೊತ್ತಿಲ್ಲ? ನಮ್ಮವು ಬೀದಿನಾಯಿ ಆಕಳಿಸಿದರೂ ಮಂಚದಡಿ ಸೇರುವಂಥವು. ಸಾಮ್ರಾಜ್ಯ ಕಟ್ಟುವ ಧೈರ್ಯವಿಲ್ಲದಿದ್ದರೂ ಸಂಸಾರ ಹೂಡುವುದಕ್ಕೇನೂ ಅಡ್ಡಿಯಾಗಲಿಲ್ಲ. ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವುದು ಪಳಗಿದ ಕೈಗೂ ತಪ್ಪುವ ಲೆಕ್ಕವಂತೆ. ಹಾಗಾಗಿ ಸಂತೆಯವನನ್ನು ಪೂರ್ತಿ ಬೈಯಲೂ ಮನಸ್ಸು ಬರಲಿಲ್ಲ.

ಪಶುವೈದ್ಯರು ಹೊಟ್ಟೆಯನ್ನು ಮೆಲ್ಲಗೆ ತಡವಿ, ಒಳಗಿನ ಪುಟ್ಟ ಗಂಟುಗಳನ್ನು ಬೆರಳಲ್ಲೇ ಎಣಿಸಿದಂತೆ ಮಾಡಿ, "30ರಿಂದ 32 ದಿನದ ಬಸಿರು, ಅರ್ಧ ಆಗಲೇ ಕಳೆದಿದೆ" ಎಂದರು. ಇದನ್ನು ಕೇಳಿ ಪಕ್ಕದ ಮನೆಯ ಅಜ್ಜಿಗೆ ಗಾಬರಿ. "ಅಯ್ಯೋ, ಒಟ್ಟು ಒಂದೇ ತಿಂಗಳಾ? ಸೀಮಂತಕ್ಕೆ ಪುರುಸೊತ್ತೇ ಇಲ್ವಲ್ಲೋ!"

ಊರಿನಲ್ಲಿ ಅರ್ಧದಷ್ಟು ಮಕ್ಕಳಿಗೆ ಎಣ್ಣೆ ನೀರು ಹಾಕಿದ ಕೈ ಆಕೆಯದು. ಬುಕ್ಕನನ್ನು ಬಿಡುತ್ತಾರೆಯೇ? ಮರುದಿನವೇ ಸೆರಗಿನಲ್ಲಿ ಬೆಳ್ಳುಳ್ಳಿ ಕಟ್ಟಿಕೊಂಡು ಬಂದರು. ಬಾಣಂತಿಗೆ ಹಾಲಿಳಿಸುವ ಬೆಳ್ಳುಳ್ಳಿ ಮೊಲಕ್ಕೆ ವಿಷ, ಈರುಳ್ಳಿಯೂ ಅಷ್ಟೇ ಎಂದರೆ ನಂಬುವುದುಂಟೆ? ಒಣಹುಲ್ಲು, ಹಸಿಹುಲ್ಲು, ಕುಡಿದಷ್ಟೂ ನೀರು, ಇಷ್ಟೇ ಪಥ್ಯ ಎಂದದ್ದಕ್ಕೆ, "ಹೊಟ್ಟೆಯಲ್ಲಿ ಅಷ್ಟೊಂದು ಇಟ್ಕೊಂಡಿರೋದಕ್ಕೆ ಬರೀ ಹುಲ್ಲು ಹಾಕ್ತೀಯಾ, ಪಾಪಿ" ಎಂದು ಜಗುಲಿಯಿಂದ ಇಳಿದು ಹೋದರು.

ಮುಂದಿನ ಸರದಿ ಅರಸೀಕೆರೆ ಕಡೆಯ ಭಾವಮೈದನದು. ಆ ಕಡೆಯವರ ಕೈಯಲ್ಲಿ ತೆಂಗು ಬಿಟ್ಟು ಬೇರೇನು ಬಂದೀತು? ಗೂಡಿಗೆಂದು ಒಂದು ಮೂಟೆ ತೆಂಗಿನ ನಾರು ತಂದಿಳಿಸಿದ. ನಾರು ಮರಿಗಳ ಕಾಲಿಗೆ ಸುತ್ತಿಕೊಂಡು ರಕ್ತ ಕಟ್ಟಿಸುತ್ತದೆ ಎಂದು ವೈದ್ಯರು ಅದನ್ನೂ ತಳ್ಳಿಹಾಕಿದರು. ಕೊನೆಗೆ ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಮರದ ಪೆಟ್ಟಿಗೆಯಲ್ಲಿ ನಾನೇ ಒಣಹುಲ್ಲನ್ನು ಅಚ್ಚುಕಟ್ಟಾಗಿ ಹಾಸಿದೆ. ಬುಕ್ಕ ಬಂದು ಮೂಸಿ, ಅಷ್ಟನ್ನೂ ಹೊರಗೆಳೆದು ಹಾಕಿ, ಅದೇ ಹುಲ್ಲನ್ನು ಬಾಯಲ್ಲಿ ಕಚ್ಚಿ ತಂದು ತನಗೆ ಬೇಕಾದಂತೆ ಮತ್ತೆ ಹಾಸಿಕೊಂಡ. ಹೊಸ ಮನೆಯಲ್ಲಿ ವಾಸ್ತು ನೋಡುವವರು ಹೀಗೇ ಅಲ್ಲವೇ.

ಆಮೇಲೆ ತನ್ನ ಎದೆಯ, ಹೊಟ್ಟೆಯ ತುಪ್ಪಳವನ್ನೇ ಕಿತ್ತು ಗೂಡಿಗೆ ತುಂಬತೊಡಗಿದಾಗ ಮಗಳು ಅತ್ತೇಬಿಟ್ಟಳು. ಅಳುವಂಥದ್ದೇನಲ್ಲ. ಮರಿಗಳಿಗೆ ಹಾಸಿಗೆಯಾಯಿತು, ಮೊಲೆತೊಟ್ಟಿಗೆ ಮರೆಯೂ ತಪ್ಪಿತು. ಸುಳ್ಳು ಬಸಿರಿನಲ್ಲೂ ಮೊಲಗಳು ಹೀಗೆ ಗೂಡು ಕಟ್ಟುವುದುಂಟು, ಅದು ಹದಿನಾರು ಹದಿನೆಂಟು ದಿನಕ್ಕೇ. ನಮ್ಮದು ಆ ಗಡುವು ದಾಟಿತ್ತು. ಹಕ್ಕನನ್ನು ದನದ ಕೊಟ್ಟಿಗೆಗೆ ಗಡೀಪಾರು ಮಾಡಿದೆವು. ಹೆತ್ತ ದಿನವೇ ಮತ್ತೆ ಬಸಿರು ನಿಲ್ಲುವ ಜಾತಿ ಇದು. ಚಕ್ರವರ್ತಿಗಳೆಂದು ನಂಬಿಕೊಂಡು ಕೂರಲಾಗುವುದಿಲ್ಲ.

ಒಂದು ಬೆಳಗಿನ ಜಾವ ಆರು ಮರಿಗಳಾದವು. ಮೈಮೇಲೆ ಕೂದಲಿಲ್ಲ, ಕಣ್ಣು ತೆರೆದಿಲ್ಲ. ಅದು ತೆರೆಯುವುದು ಹತ್ತು ಹನ್ನೆರಡು ದಿನಕ್ಕೆ. ನಮ್ಮ ರಾಗಿ ಹೊಲದ ಕಾಡುಮೊಲದ ಮರಿಗಳು ಹುಟ್ಟುತ್ತಲೇ ತುಪ್ಪಳ ಹೊದ್ದು, ಕಣ್ಣು ಬಿಟ್ಟುಕೊಂಡೇ ಬರುತ್ತವೆ. ಅವಕ್ಕೆ ಗೂಡಿನ ಹಂಗೂ ಇಲ್ಲ. ಹಾಗೆಂದು ಯಾರಾದರೂ ಹೊಲದಿಂದ ಎತ್ತಿ ತಂದೀರಿ, 1972ರ ವನ್ಯಜೀವಿ ಕಾಯ್ದೆ ಇದೆ.

ನಿಜವಾದ ಗಲಾಟೆ ಶುರುವಾದದ್ದು ಆಮೇಲೆ. ಬುಕ್ಕ ಮರಿಗಳ ಕಡೆ ತಿರುಗಿಯೂ ನೋಡದೆ ಜಗುಲಿಯ ಇನ್ನೊಂದು ಮೂಲೆಯಲ್ಲಿ ಹುಲ್ಲು ಮೆಲ್ಲುತ್ತಿದ್ದ. "ಎಂಥಾ ತಾಯಿ" ಎಂದು ಬೀದಿಯೆಲ್ಲ ಗುಸುಗುಸು. ಹಸುವಿನ ಹಾಲು, ಹತ್ತಿಯ ಬತ್ತಿ ಸಿದ್ಧವಾದವು. ವೈದ್ಯರು ಫೋನಿನಲ್ಲೇ ತಡೆದರು: ಮೊಲದ ತಾಯಿ ಹಾಲೂಡುವುದು ದಿನಕ್ಕೊಮ್ಮೆ, ಬಹಳವೆಂದರೆ ಎರಡು ಸಲ, ಅದೂ ನಾಲ್ಕೈದು ನಿಮಿಷ, ಹೆಚ್ಚಾಗಿ ಕತ್ತಲಲ್ಲಿ. ಮಿಕ್ಕ ಹೊತ್ತು ದೂರವಿರುವುದೇ ಅದರ ಕಾವಲು. ಗೂಡಿನ ಬಳಿ ಸುಳಿದಾಡಿದರೆ ವಾಸನೆ ಹಿಡಿದು ನರಿಯೋ ಮುಂಗುಸಿಯೋ ಬಂದೀತು. ಬೆಳಗ್ಗೆ ಮರಿಗಳ ಹೊಟ್ಟೆ ಉಬ್ಬಿದೆಯೇ ನೋಡಿ, ಉಬ್ಬಿದ್ದರೆ ಸುಮ್ಮನೆ ಮುಚ್ಚಿ.

ಅಜ್ಜಿ ಮುನಿಸು ಬಿಟ್ಟು, ರಾತ್ರಿಯಿಡೀ ಕಾದು ಕಳ್ಳತನ ಹಿಡಿಯುತ್ತೇನೆಂದು ಕಂಬಳಿ ಹೊದ್ದು ಜಗುಲಿಯಲ್ಲೇ ಕೂತರು. ಗೊರಕೆ ನಮಗೂ ಕೇಳಿಸಿತು. ಬೆಳಗ್ಗೆ ತುಪ್ಪಳ ಸರಿಸಿ ನೋಡಿದರೆ ಆರೂ ಹೊಟ್ಟೆ ದುಂಡಗೆ!

ಅಜ್ಜಿ ಬುಕ್ಕನನ್ನು ಬಹಳ ಹೊತ್ತು ದಿಟ್ಟಿಸಿದರು. "ನಮ್ಮತ್ತೆ ಮೂರು ತಿಂಗಳು ನನ್ನ ಕೋಣೆ ಬಾಗಿಲು ದಾಟೋಕೆ ಬಿಡ್ಲಿಲ್ಲ, ಬಾಯಿ ತುಂಬ ನೀರು ಕುಡಿಯೋಕೂ ಬಿಡ್ಲಿಲ್ಲ. ಇವಳನ್ನ ನೋಡು, ಐದು ನಿಮಿಷದಲ್ಲಿ ಕೆಲಸ ಮುಗಿಸಿ ಕಾಲು ಚಾಚ್ಕೊಂಡು ಬಿದ್ದವಳೆ" ಎಂದು, ನೀರಿನ ಬಟ್ಟಲನ್ನು ಬುಕ್ಕನ ಮೂತಿಯ ಹತ್ತಿರಕ್ಕೆ ತಳ್ಳಿದರು.